ಕೆಲಸ ಹುಡುಕಿದ್ದಕ್ಕೆ ಸಾಕ್ಷಿ ಯಾರು?

ಕೆಲಸ ಕಳೆದುಕೊಂಡವನನ್ನು ಸಮಾಜವು ಬೀದಿಯ ಪಾಲು ಮಾಡಬಾರದು, ಮತ್ತೊಂದು ಕೆಲಸ ದೊರೆಯುವ ತನಕ ಅವನಿಗೆ ಅಷ್ಟಿಷ್ಟು ನೆರವು ಸಿಗಬೇಕು ಎಂಬ ಮಾತನ್ನು ಇಂದು ಬಹಿರಂಗವಾಗಿ ಅಲ್ಲಗಳೆಯುವವರು ಕಡಮೆ. ನಮ್ಮ ಸಂವಿಧಾನದ 41ನೆಯ ಅನುಚ್ಛೇದದ ಆಶಯವೂ ಇದೇ. ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಉದ್ಯೋಗದ ಹಕ್ಕಿಗೂ, ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯಗಳ ಕಾಲದಲ್ಲಿ ಸಾರ್ವಜನಿಕ ನೆರವಿಗೂ ಏರ್ಪಾಡು ಮಾಡತಕ್ಕದ್ದೆಂದು ಅದು ಹೇಳುತ್ತದೆ. ನ್ಯಾಯಾಲಯಕ್ಕೆ ಹೋಗಿ ಈ ನೆರವನ್ನು ವಸೂಲು ಮಾಡಿಕೊಳ್ಳಲು ಬರುವುದಿಲ್ಲವೆಂಬುದು ನಿಜ. ಆದರೂ ಗಣರಾಜ್ಯವು ತನ್ನ ಮೊದಲ ದಿನವೇ ಒಪ್ಪಿಕೊಂಡ ಧರ್ಮವಿದು.

ಆದರೆ ಕೊಡಬೇಕೆಂಬುದನ್ನು ಒಪ್ಪಿದವರೂ ಒಡನೆಯೇ ಒಂದು ಪ್ರಶ್ನೆಯನ್ನು ಎತ್ತುತ್ತಾರೆ. ಭತ್ಯವನ್ನು ಪಡೆಯುವವನು ನಿಜವಾಗಿಯೂ ಕೆಲಸವನ್ನು ಹುಡುಕುತ್ತಿದ್ದಾನೆಯೇ? ಅಥವಾ ಮನೆಯ ಜಗಲಿಯ ಮೇಲೆ ಕುಳಿತು ಸರಕಾರದ ದುಡ್ಡನ್ನು ಎಣಿಸುತ್ತಿದ್ದಾನೆಯೇ? ಹುಡುಕುತ್ತಿದ್ದಾನೆಂಬುದಕ್ಕೆ ಪ್ರಮಾಣವೇನು? ಈ ಪ್ರಶ್ನೆಯು ಮೇಲ್ನೋಟಕ್ಕೆ ಸರಳವಾಗಿಯೂ ನ್ಯಾಯವಾಗಿಯೂ ಕಾಣುತ್ತದೆ. ಆದರೆ ಇದಕ್ಕೆ ಉತ್ತರವನ್ನು ಕಂಡುಹಿಡಿಯಲು ಹೋದ ದೇಶಗಳು ಎಂತಹ ಗೊಂದಲಕ್ಕೆ ಸಿಲುಕಿದವು ಎಂಬುದನ್ನು ನಾವು ತಿಳಿದಿರಬೇಕು. ಏಕೆಂದರೆ ಇಂದಲ್ಲ ನಾಳೆ ನಮ್ಮಲ್ಲಿಯೂ ನಿರುದ್ಯೋಗ ಭತ್ಯದ ವ್ಯವಸ್ಥೆಯು ವಿಸ್ತಾರವಾಗಲೇಬೇಕು. ಆಗ ಷರತ್ತುಗಳನ್ನು ಬರೆಯುವವರು ದಿಲ್ಲಿಯಲ್ಲಿಯೋ ರಾಜಧಾನಿಗಳಲ್ಲಿಯೋ ಕುಳಿತಿರುತ್ತಾರೆ. ಅವುಗಳನ್ನು ಪಾಲಿಸಬೇಕಾದವರು ಮುಂಬಯಿ, ಪುಣೆ, ಮದರಾಸು, ಹೈದರಾಬಾದುಗಳ ಉಪಾಹಾರಗೃಹಗಳಲ್ಲಿ ಲೋಟ ತೊಳೆಯುವವರು, ದೋಸೆ ಹುಯ್ಯುವವರು, ಗಲ್ಲೆಯ ಲೆಕ್ಕ ಬರೆಯುವ ಕಾರಕೂನರು.

ಬ್ರಿಟನ್ನಿನ ಅನುಭವ

ಈ ವಿಷಯದಲ್ಲಿ ದೀರ್ಘವಾದ ಅನುಭವವುಳ್ಳ ದೇಶ ಬ್ರಿಟನ್. ಅಲ್ಲಿ 1909ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ಕಾಯಿದೆಯೂ, 1911ರಲ್ಲಿ ರಾಷ್ಟ್ರೀಯ ವಿಮಾ ಕಾಯಿದೆಯೂ ಆದವು. ಕಟ್ಟಡ, ಹಡಗು ನಿರ್ಮಾಣ, ಯಂತ್ರ ನಿರ್ಮಾಣ ಮೊದಲಾದ ಕೆಲವು ಕಸುಬುಗಳ ಸುಮಾರು 22 ಲಕ್ಷ ಕೆಲಸಗಾರರಿಗೆ ಮಾತ್ರ ಆಗ ನಿರುದ್ಯೋಗ ವಿಮೆ ದೊರೆಯಿತು. ಕೆಲಸಗಾರ, ಮಾಲಿಕ, ಸರಕಾರ ಈ ಮೂವರೂ ಹಣ ಹಾಕುತ್ತಿದ್ದರು. ಕೆಲಸ ಹೋದವನಿಗೆ ವಾರಕ್ಕೆ 7 ಶಿಲಿಂಗಿನಂತೆ ವರ್ಷದಲ್ಲಿ ಹೆಚ್ಚೆಂದರೆ 15 ವಾರ ಸಹಾಯ ಸಿಗುತ್ತಿತ್ತು. ಅಂದಿನ ಪರೀಕ್ಷೆ ಸುಲಭವಾಗಿತ್ತು. ಕೆಲಸಗಾರನು ವಿನಿಮಯ ಕಚೇರಿಗೆ ಬಂದು ರುಜು ಹಾಕಬೇಕು. ಕಚೇರಿಯ ಬಳಿ ತಕ್ಕ ಕೆಲಸವಿದ್ದರೆ ಅವನಿಗೆ ಕೊಡಬೇಕು. ಕೊಟ್ಟರೂ ಬೇಡವೆಂದರೆ ಭತ್ಯ ನಿಲ್ಲಬೇಕು. ಕಚೇರಿಯ ಬಳಿ ಕೆಲಸವೇ ಇಲ್ಲವಾದರೆ ಅವನ ನಿರುದ್ಯೋಗಕ್ಕೆ ಬೇರೆ ಸಾಕ್ಷಿಯೇಕೆ?

ಮೊದಲ ಮಹಾಯುದ್ಧ ಮುಗಿದ ಮೇಲೆ ಪರಿಸ್ಥಿತಿ ಬದಲಾಯಿತು. 1920ರಲ್ಲಿ ವಿಮೆಯು ಒಂದು ಕೋಟಿಗೂ ಹೆಚ್ಚು ಜನರಿಗೆ ವ್ಯಾಪಿಸಿತು. ಅದೇ ವೇಳೆಗೆ ವ್ಯಾಪಾರ ಕುಸಿದು, ಕಲ್ಲಿದ್ದಲಿನ ಗಣಿಗಳೂ ಹಡಗುಕಟ್ಟೆಗಳೂ ಬಟ್ಟೆಯ ಗಿರಣಿಗಳೂ ಜನರನ್ನು ಹೊರಹಾಕತೊಡಗಿದವು. ಆ ದಶಕದ ಬಹುಭಾಗದಲ್ಲಿ ಅಲ್ಲಿನ ನಿರುದ್ಯೋಗಿಗಳ ಸಂಖ್ಯೆ 10 ಲಕ್ಷಕ್ಕೂ ಮೇಲೆಯೇ ಇದ್ದಿತು. ವಿಮಾನಿಧಿ ಬತ್ತಿತು. ಆಗ ಸರಕಾರವು 1921ರಲ್ಲಿ ಒಂದು ಹೊಸ ಷರತ್ತನ್ನು ತಂದಿತು. ಹೆಚ್ಚುವರಿ ಅವಧಿಗೆ ಭತ್ಯ ಬೇಡುವವನು ತಾನು ಪ್ರಾಮಾಣಿಕವಾಗಿ ಕೆಲಸವನ್ನು ಹುಡುಕುತ್ತಿರುವೆನೆಂದೂ, ಹುಡುಕಿಯೂ ದೊರೆಯಲಿಲ್ಲವೆಂದೂ ತಾನೇ ರುಜುವಾತು ಮಾಡಬೇಕು. 1924ರಲ್ಲಿ ಈ ಷರತ್ತು ಎಲ್ಲ ಬಗೆಯ ಭತ್ಯಗಳಿಗೂ ಹರಡಿತು. ಹೀಗೆ ಹರಡಿಸಿದ್ದು ಕೆಲಸಗಾರರ ಪಕ್ಷದ ಸರಕಾರವೇ ಎಂಬುದು ಇತಿಹಾಸದ ಒಂದು ವಿಡಂಬನೆ.

ಪರಿಣಾಮವೇನಾಯಿತು? ಗಣಿ ಮುಚ್ಚಿದ ಊರಿನಲ್ಲಿ ಗಣಿಗಾರನು ದಿನ ಬೆಳಗಾದರೆ ಮೈಲಿಗಟ್ಟಲೆ ನಡೆದು, ಕೆಲಸವಿಲ್ಲವೆಂದು ಊರಿಗೆಲ್ಲ ತಿಳಿದಿದ್ದ ಕಾರ್ಖಾನೆಯ ಬಾಗಿಲಿಗೇ ಹೋಗಿ, ಕೆಲಸವಿದೆಯೇ ಎಂದು ಕೇಳಿ ಬರಬೇಕಾಯಿತು. ಸಮಿತಿಯವರು ಕರೆದು, ನಿನ್ನೆ ಎಲ್ಲಿ ಹೋಗಿದ್ದೆ, ಎಷ್ಟು ಗಂಟೆಗೆ ಹೋಗಿದ್ದೆ, ಯಾರನ್ನು ಕೇಳಿದೆ ಎಂದು ಪ್ರಶ್ನಿಸುತ್ತಿದ್ದರು. ಬಾಯಿಬಡುಕನು ಹತ್ತು ಹೆಸರು ಹೇಳಿ ಪಾರಾಗುತ್ತಿದ್ದನು. ಮಾತು ಬಾರದ ಸಾಧು ಮನುಷ್ಯನು ತೊದಲಿ ಭತ್ಯವನ್ನು ಕಳೆದುಕೊಳ್ಳುತ್ತಿದ್ದನು. ಇತಿಹಾಸಕಾರ ಆಲನ್ ಡೀಕನ್ ಅವರ ಅಧ್ಯಯನದಂತೆ 1921ರ ಮಾರ್ಚಿನಿಂದ 1930ರ ಮಾರ್ಚಿನವರೆಗೆ ಈ ಒಂದು ಕಾರಣದಿಂದಲೇ ತಿರಸ್ಕೃತವಾದ ಅರ್ಜಿಗಳು ಸುಮಾರು 30 ಲಕ್ಷ. ಕೆಲಸವೇ ಇಲ್ಲದ ಕಾಲದಲ್ಲಿ ಕೆಲಸವನ್ನು ಸರಿಯಾಗಿ ಹುಡುಕಲಿಲ್ಲವೆಂದು 30 ಲಕ್ಷ ಬಾರಿ ತೀರ್ಪು ಕೊಟ್ಟಂತಾಯಿತು!

ಮನಸ್ಸನ್ನು ಅಳೆಯುವ ಕಷ್ಟ

ಇಲ್ಲಿ ತಪ್ಪಿದ್ದೆಲ್ಲಿ ಎಂಬುದನ್ನು ವಿಚಾರಿಸಬೇಕು. ಒಬ್ಬನು ಕೆಲಸ ಮಾಡಲು ಶಕ್ತನೇ, ಸಿದ್ಧನೇ, ಕೊಟ್ಟ ಕೆಲಸವನ್ನು ಒಪ್ಪಿದನೇ ಬಿಟ್ಟನೇ ಎಂಬಿವು ಕಣ್ಣಿಗೆ ಕಾಣುವ ಸಂಗತಿಗಳು. ಇವುಗಳಿಗೆ ದಾಖಲೆಯಿರಬಲ್ಲದು. ಆದರೆ ಪ್ರಾಮಾಣಿಕವಾಗಿ ಹುಡುಕುತ್ತಿದ್ದಾನೆಯೇ ಎಂಬುದು ಮನಸ್ಸಿನ ಸಂಗತಿ. ಬ್ರಿಟನ್ನಿನಲ್ಲಿ ಮೇಲ್ಮನವಿಗಳನ್ನು ಕೊನೆಯದಾಗಿ ತೀರ್ಮಾನಿಸುತ್ತಿದ್ದ ಅಧಿಕಾರಿಯೇ 1926ರಲ್ಲಿ, ಇಂತಹ ವ್ಯಾಜ್ಯದಲ್ಲಿ ಮುಖ್ಯವಾಗಿ ನೋಡಬೇಕಾದುದು ಅರ್ಜಿದಾರನ ಮನಃಸ್ಥಿತಿಯನ್ನು ಎಂಬ ನಿಲುವಿಗೆ ಬಂದನು. ದೇವರಿಗೆ ಮಾತ್ರ ತಿಳಿಯಬಹುದಾದುದನ್ನು ಗುಮಾಸ್ತನು ಐದು ನಿಮಿಷಗಳಲ್ಲಿ ತಿಳಿಯಬೇಕಾಯಿತು.

ಎರಡನೆಯದಾಗಿ, ರುಜುವಾತಿನ ಭಾರವು ತಲೆಕೆಳಗಾಯಿತು. ಕಳ್ಳತನದ ಆರೋಪ ಹೊತ್ತವನೂ ತಾನು ಕಳ್ಳನಲ್ಲವೆಂದು ಸಾಧಿಸಬೇಕಾಗಿಲ್ಲ. ಆರೋಪಿಸಿದವರೇ ಸಾಧಿಸಬೇಕು. ಆದರೆ ಕೆಲಸ ಕಳೆದುಕೊಂಡವನು ತಾನು ಸೋಮಾರಿಯಲ್ಲವೆಂದು ತಾನೇ ಸಾಧಿಸಬೇಕು. ಅದಕ್ಕೆ ಅವನು ತರಬೇಕಾದ ಸಾಕ್ಷ್ಯವಾದರೂ ಎಂತಹುದು? ಇಲ್ಲವೆಂದು ಕಳುಹಿಸಿದವರಿಂದ, ಇಲ್ಲವೆಂದು ಕಳುಹಿಸಿದ್ದು ನಿಜವೆಂಬ ಚೀಟಿ! ಕೆಲಸವನ್ನೇ ಕೊಡದವನು ಕಾಗದವನ್ನು ಕೊಡುವನೇ?

ಬ್ರಿಟನ್ನಿನ ಕಾರ್ಮಿಕ ಸಂಘಗಳವರು ವರ್ಷಗಟ್ಟಲೆ ಕೂಗಿದ ಮೇಲೆ 1929ರಲ್ಲಿ ಒಂದು ವಿಚಾರಣಾ ಸಮಿತಿ ಕುಳಿತಿತು. 1930ರ ಕಾಯಿದೆಯಲ್ಲಿ ಆ ಷರತ್ತು ಹೋಯಿತು. ಆಗ ಕಾರ್ಮಿಕ ಮಂತ್ರಿಣಿಯಾಗಿದ್ದವರು ಮಾರ್ಗರೆಟ್ ಬಾಂಡ್‌ಫೀಲ್ಡ್. ಬ್ರಿಟನ್ನಿನ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ಮೊದಲನೆಯ ಮಹಿಳೆ ಅವರೇ. ಹೊಸ ನಿಯಮದ ಸಾರ ಇಷ್ಟೇ: ತಕ್ಕ ಕೆಲಸವೊಂದು ಇದೆಯೆಂದು ಕಚೇರಿಯವರು ತಿಳಿಸಿದ ಮೇಲೂ ಸಕಾರಣವಿಲ್ಲದೆ ಅದನ್ನು ಒಲ್ಲೆನೆಂದವನು ಭತ್ಯವನ್ನು ಕಳೆದುಕೊಳ್ಳತಕ್ಕದ್ದು. ಅಂದರೆ ಕೆಲಸವನ್ನು ತೋರಿಸುವ ಹೊಣೆ ಮತ್ತೆ ಕಚೇರಿಯ ಮೇಲೆ ಬಂದಿತು. ಆ ಬಳಿಕ ಭತ್ಯ ಪಡೆಯುವವರ ಸಂಖ್ಯೆ ಏರಿತೆಂದು ದೂರಿದವರು ಇದ್ದರು. 1929ರ ಜಗದ್ವ್ಯಾಪಿ ಮುಗ್ಗಟ್ಟಿನಿಂದ 1933ರ ವೇಳೆಗೆ ಆ ದೇಶದ ನಿರುದ್ಯೋಗಿಗಳೇ ಸುಮಾರು 30 ಲಕ್ಷವಾದರೆಂಬುದನ್ನು ಅವರು ಮರೆತಿದ್ದರು. ಷರತ್ತನ್ನು ತೆಗೆದುದರಿಂದ ಗಣಿಗಳು ಮುಚ್ಚಲಿಲ್ಲ.

ಹೋದ ಷರತ್ತು ಮರಳಿ ಬಂದುದು

ಒಂದು ಪಾಠವನ್ನು ಒಂದು ತಲೆಮಾರು ಕಲಿತರೆ ಮತ್ತೊಂದು ಮರೆಯುತ್ತದೆ. ಬ್ರಿಟನ್ನಿನಲ್ಲಿಯೇ 1989ರ ಕಾಯಿದೆಯು ನಿರುದ್ಯೋಗಿಯು ಕ್ರಿಯಾಶೀಲವಾಗಿ ಕೆಲಸ ಹುಡುಕುತ್ತಿರಬೇಕೆಂಬ ನಿಬಂಧನೆಯನ್ನು ಮತ್ತೆ ತಂದಿತು. 1996ರಲ್ಲಿ ನಿರುದ್ಯೋಗ ಭತ್ಯವೆಂಬ ಹೆಸರೇ ಅಳಿದು, ಉದ್ಯೋಗಾನ್ವೇಷಿಯ ಭತ್ಯವೆಂಬ ಹೆಸರು ಬಂದಿತು. ಪ್ರತಿಯೊಬ್ಬನೂ ತಾನು ಏನೇನು ಮಾಡುವೆನೆಂದು ಒಪ್ಪಂದಪತ್ರಕ್ಕೆ ರುಜು ಹಾಕಬೇಕಾಯಿತು. 2013ರಿಂದ ಜಾರಿಗೆ ಬಂದ ಸಾರ್ವತ್ರಿಕ ಭತ್ಯದ ಪದ್ಧತಿಯಲ್ಲಿ ವಾರಕ್ಕೆ 35 ಗಂಟೆಗಳವರೆಗೂ ಕೆಲಸ ಹುಡುಕುವುದರಲ್ಲಿ ಕಳೆಯಬೇಕೆಂದು ಗೊತ್ತುಮಾಡಬಹುದು. ಕೆಲಸ ಹುಡುಕುವುದೇ ಒಂದು ಪೂರ್ಣಾವಧಿ ಕೆಲಸವಾಯಿತೆಂದರೂ ಸಲ್ಲುತ್ತದೆ. ತಪ್ಪಿದವರಿಗೆ ದಂಡನೆಯಾಗಿ ಭತ್ಯವನ್ನು ಮೂರು ವರ್ಷಗಳವರೆಗೂ ತಡೆಹಿಡಿಯುವ ಅಧಿಕಾರ ಅಲ್ಲಿನ ಅಧಿಕಾರಿಗಳಿಗೆ ಇದ್ದಿತು. ಜನರ ಆಕ್ಷೇಪದಿಂದ 2019ರಲ್ಲಿ ಆ ಗರಿಷ್ಠ ಅವಧಿಯು ಆರು ತಿಂಗಳಿಗೆ ಇಳಿಯಿತು.

ಇದರಿಂದ ಹೆಚ್ಚು ಜನಕ್ಕೆ ಕೆಲಸ ಸಿಕ್ಕಿತೇ? ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳ ವಿದ್ವಾಂಸರು 2013ರಿಂದ 2018ರವರೆಗೆ ಭತ್ಯ ಪಡೆಯುವವರನ್ನು ಮತ್ತೆ ಮತ್ತೆ ಭೇಟಿಮಾಡಿ ನಡೆಸಿದ ಸಂಶೋಧನೆಯು, ಷರತ್ತು ದಂಡನೆಗಳು ಜನರನ್ನು ಉದ್ಯೋಗಕ್ಕೆ ಸೇರಿಸುವುದರಲ್ಲಿ ಬಹುಮಟ್ಟಿಗೆ ವಿಫಲವಾಗಿವೆಯೆಂಬ ನಿರ್ಣಯಕ್ಕೆ ಬಂದಿತು. ಉಪಯೋಗಕ್ಕೆ ಬಂದುದು ದಂಡನೆಗಿಂತ ಹೆಚ್ಚಾಗಿ ತಕ್ಕ ಸಲಹೆ, ತರಬೇತಿ, ನೆರವುಗಳೆಂದು ಅವರು ಕಂಡುಕೊಂಡರು.

ಎದುರುಪಕ್ಷದ ಮಾತು

ಎದುರುಪಕ್ಷದವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಭತ್ಯದ ಹಣ ಆಕಾಶದಿಂದ ಉದುರುವುದಿಲ್ಲ. ಅದು ಬೆವರು ಸುರಿಸಿ ದುಡಿಯುವ ಇತರ ಕೆಲಸಗಾರರ ವಂತಿಗೆ, ಇಲ್ಲವೆ ತೆರಿಗೆ. ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಒಲೆ ಹೊತ್ತಿಸುವವನು, ಎದ್ದು ಕೂರಲೂ ಮನಸ್ಸಿಲ್ಲದವನನ್ನು ಏಕೆ ಸಾಕಬೇಕು? ಈ ಪ್ರಶ್ನೆಯನ್ನು ಧನಿಕರಿಗಿಂತ ದುಡಿಯುವವರೇ ಹೆಚ್ಚು ಕಟುವಾಗಿ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ 1994ರಲ್ಲಿ ನಡೆದ ಒಂದು ಪ್ರಯೋಗದಲ್ಲಿ, ವಾರಕ್ಕೆ ಹೆಚ್ಚು ಮಾಲಿಕರನ್ನು ಕಂಡು ಕೆಲಸ ಕೇಳಬೇಕೆಂದು ವಿಧಿಸಿದವರ ಭತ್ಯದ ಅವಧಿಯು ಸ್ವಲ್ಪ ಮಟ್ಟಿಗೆ ಕಡಮೆಯಾದುದು ಕಂಡುಬಂದಿತು. ಆದುದರಿಂದ ಇಂತಹ ಷರತ್ತಿಗೆ ಯಾವ ಪರಿಣಾಮವೂ ಇಲ್ಲವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು.

ಆದರೆ ಎರಡು ಮಾತುಗಳನ್ನು ನೆನಪಿಡಬೇಕು. ಭತ್ಯದಿಂದ ಹೊರಬಂದವರೆಲ್ಲರೂ ಕೆಲಸಕ್ಕೆ ಸೇರಿದವರಲ್ಲ. ತೊಡಕಿಗೆ ಬೇಸತ್ತು ಬಿಟ್ಟವರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ. ಮತ್ತು ಎಲ್ಲಿ ಕೆಲಸಗಳು ಖಾಲಿಯಿವೆಯೋ ಅಲ್ಲಿ ಹುಡುಕು ಎಂದು ತಿವಿಯುವುದಕ್ಕೆ ಅರ್ಥವುಂಟು. ಎಲ್ಲಿ ಒಂದು ಕೆಲಸಕ್ಕೆ ನೂರು ಜನ ಕಾದಿರುವರೋ ಅಲ್ಲಿ ಹುಡುಕಾಟವನ್ನು ಹೆಚ್ಚಿಸಿದರೆ ಸರದಿ ಉದ್ದವಾಗುವುದೇ ಹೊರತು ಕೆಲಸ ಹುಟ್ಟುವುದಿಲ್ಲ. ನಮ್ಮ ದೇಶವು ಈ ಎರಡರಲ್ಲಿ ಯಾವ ಬಗೆಗೆ ಸೇರಿದುದೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ನಮ್ಮ ದೇಶದ ಏರ್ಪಾಡುಗಳು

ನಮ್ಮ ಉದ್ಯೋಗ ವಿನಿಮಯ ಕಚೇರಿಗಳು 1945ರಲ್ಲಿ ಸೈನ್ಯದಿಂದ ಬಿಡುಗಡೆಯಾದವರಿಗಾಗಿ ಆರಂಭವಾದವು. 1948ರಿಂದ ಎಲ್ಲರಿಗೂ ತೆರೆದವು. 1956ರಲ್ಲಿ ಅವುಗಳ ಆಡಳಿತ ರಾಜ್ಯಗಳಿಗೆ ಬಂದಿತು. ಖಾಲಿ ಹುದ್ದೆಗಳನ್ನು ಈ ಕಚೇರಿಗಳಿಗೆ ತಿಳಿಸಲೇಬೇಕೆಂದು 1959ರಲ್ಲಿ ಕಾಯಿದೆಯಾಯಿತು. ಆದರೆ ಖಾಸಗಿ ಸಂಸ್ಥೆಗಳಲ್ಲಿ 25 ಅಥವಾ ಹೆಚ್ಚು ಜನ ದುಡಿಯುವಲ್ಲಿಗೆ ಮಾತ್ರ ಅದು ಅನ್ವಯಿಸಿತು. ತಿಳಿಸುವುದು ಕಡ್ಡಾಯವಾಯಿತು, ಕಚೇರಿಯು ಕಳಿಸಿದವರನ್ನು ಸೇರಿಸಿಕೊಳ್ಳುವುದು ಕಡ್ಡಾಯವಾಗಲಿಲ್ಲ. ಹೀಗಾಗಿ ಹೆಸರು ಬರೆಸಿ, ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸುತ್ತ, ತಲೆ ನರೆತರೂ ಕರೆ ಬಾರದವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ.

ಹೀಗಿದ್ದರೂ ನಮ್ಮ ಕಾಯಿದೆಗಳನ್ನು ಬರೆದವರಿಗೆ ತಕ್ಕ ಕೆಲಸವೆಂದರೇನೆಂಬುದರ ತಿಳಿವಳಿಕೆ ಇದ್ದಿತೆಂಬುದಕ್ಕೆ ನಿದರ್ಶನಗಳಿವೆ. ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿಸಿದ ಪ್ರಕರಣಗಳಂತೆ, ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಹೊರಗಿಟ್ಟ ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯದ ಅರ್ಧವನ್ನು ಕೊಡಬೇಕಾಗಿದ್ದಿತು. ಅವನೂ ಎರಡು ನಿಯಮಗಳನ್ನು ಪಾಲಿಸಬೇಕಾಗಿದ್ದಿತು. ದಿನಕ್ಕೊಮ್ಮೆ ಗೊತ್ತಾದ ವೇಳೆಗೆ ಕಾರ್ಖಾನೆಯಲ್ಲಿ ಹಾಜರಾಗಬೇಕು. ಅದೇ ಮಾಲಿಕನು ಅದೇ ಊರಿನಲ್ಲಿ ಅಥವಾ ಐದು ಮೈಲಿಯೊಳಗೆ, ಅದೇ ಸಂಬಳಕ್ಕೆ, ವಿಶೇಷ ಕೌಶಲ ಬೇಡದ ಬೇರೆ ಕೆಲಸವನ್ನು ಕೊಟ್ಟರೆ ಒಪ್ಪಬೇಕು. ಇಲ್ಲಿ ಮನಸ್ಸಿನ ಪರೀಕ್ಷೆಯ ಮಾತೇ ಇಲ್ಲ. ದೂರವೆಷ್ಟು, ಸಂಬಳವೆಷ್ಟು, ಬಂದನೇ ಬಾರನೇ ಎಂಬುದಿಷ್ಟೇ. ಯಾರೂ ಅಳೆದು ನೋಡಬಹುದಾದ ನಿಯಮವಿದು.

ಇದಕ್ಕಿಂತ ದೊಡ್ಡ ನಿದರ್ಶನ ಮಹಾರಾಷ್ಟ್ರದ್ದು. 1972ರ ಭೀಕರ ಬರಗಾಲದ ಕಾಲದಲ್ಲಿ ಬೆಳೆದ ಉದ್ಯೋಗ ಖಾತರಿ ಯೋಜನೆಗೆ ಆ ರಾಜ್ಯವು 1977ರಲ್ಲಿ ಕಾಯಿದೆಯ ರೂಪ ಕೊಟ್ಟಿತು. ಹಳ್ಳಿಯವನು ಕೆಲಸ ಬೇಕೆಂದು ಕೇಳಿದ 15 ದಿನಗಳೊಳಗೆ ಸರಕಾರವು ಕೆಲಸ ಕೊಡಬೇಕು. ಕೊಡದಿದ್ದರೆ ಭತ್ಯ ಕೊಡಬೇಕು. ಇದೇ ತತ್ವವನ್ನು ಅನುಸರಿಸಿದ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಆ ಭತ್ಯವನ್ನು ಮೊದಲ 30 ದಿನಗಳಿಗೆ ಕೂಲಿಯ ನಾಲ್ಕನೆಯ ಒಂದು ಪಾಲಿಗೂ, ಮುಂದಕ್ಕೆ ಅರ್ಧಕ್ಕೂ ಕಡಮೆಯಿಲ್ಲದಂತೆ ಗೊತ್ತುಮಾಡಿತು. ಭತ್ಯವು ಕೈಸೇರಿದುದು ಅಪರೂಪವೆಂಬುದು ಬೇರೆ ಮಾತು. ತತ್ವವನ್ನು ಗಮನಿಸಿರಿ. ಕೇಳುವುದು ಕೆಲಸಗಾರನ ಕರ್ತವ್ಯ, ಹುಡುಕಿ ಕೊಡುವುದು ಸರಕಾರದ ಕರ್ತವ್ಯ. ಬ್ರಿಟನ್ ಮಾಡಿದುದಕ್ಕೆ ಇದು ಸರಿ ವಿರುದ್ಧ. ಆದರೆ ಈ ಖಾತರಿಯು ಹಳ್ಳಿಗಳಿಗೆ ಮೀಸಲು. ಹಳ್ಳಿಯನ್ನು ಬಿಟ್ಟು ಪಟ್ಟಣ ಸೇರಿದ ನಮ್ಮವರಿಗೆ ಅದರ ನೆರಳೂ ಬೀಳಲಿಲ್ಲ.

ಪಟ್ಟಣದ ಕೆಲಸಗಾರನಿಗೆ ಇರುವುದೆಂದರೆ ನೌಕರರ ರಾಜ್ಯ ವಿಮಾ ನಿಗಮದ ಆಸರೆ. ಅದರ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯು 2018ರ ಜುಲೈಯಿಂದ ಜಾರಿಗೆ ಬಂದಿತು. ವಿಮೆಯಲ್ಲಿದ್ದ ಕೆಲಸಗಾರನಿಗೆ ಕೆಲಸ ಹೋದರೆ, ಜೀವಮಾನದಲ್ಲಿ 90 ದಿನಗಳವರೆಗೆ, ಸರಾಸರಿ ದಿನಗಳಿಕೆಯ ನೂರಕ್ಕೆ 25ರಂತೆ ಸಹಾಯವೆಂದು ಅದು ಮೊದಲು ಹೇಳಿತು. 2020ರ ಮಾರ್ಚ್ 24ರಿಂದ ಅದನ್ನು ನೂರಕ್ಕೆ 50ಕ್ಕೆ ಏರಿಸಲಾಯಿತು. ಕೆಲಸ ಹುಡುಕಿದ್ದಕ್ಕೆ ದಿನಚರಿ ತೋರಿಸೆಂದು ಈ ಯೋಜನೆಯು ಕೇಳಲಿಲ್ಲವೆಂಬುದು ಸಂತೋಷದ ವಿಷಯ. ಆದರೆ ಮೊದಲು ಅರ್ಜಿಯು ಹಿಂದಿನ ಮಾಲಿಕನ ಕೈಯಿಂದಲೇ ಬರಬೇಕಾಗಿದ್ದಿತು. ಹೊರಹಾಕಿದವನ ಬಾಗಿಲಿಗೇ ಹೋಗಿ, ಹೊರಹಾಕಿದೆನೆಂದು ಬರೆದುಕೊಡು ಎಂದು ಬೇಡಬೇಕಾದ ಪರಿಸ್ಥಿತಿ! 2020ರಲ್ಲಿ ಕೆಲಸಗಾರನು ನೇರವಾಗಿ ಅರ್ಜಿ ಸಲ್ಲಿಸಬಹುದೆಂದು ಈ ನಿಯಮವನ್ನು ಸಡಿಲಿಸಿದರು. ಕಾಯುವ ಅವಧಿಯನ್ನೂ 90 ದಿನಗಳಿಂದ 30ಕ್ಕೆ ಇಳಿಸಿದರು. ಸಣ್ಣದಾಗಿ ಕಾಣುವ ಈ ಎರಡು ತಿದ್ದುಪಡಿಗಳು ಭತ್ಯದ ಮೊತ್ತದಷ್ಟೇ ಬೆಲೆಯುಳ್ಳವು.

ರಾಜ್ಯಗಳ ಭತ್ಯಗಳು ಹೆಚ್ಚಾಗಿ ಓದಿದ ಯುವಕರಿಗೆ. ತಮಿಳುನಾಡಿನಲ್ಲಿ ಸಾಮಾನ್ಯ ಅರ್ಜಿದಾರನು ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ 5 ವರ್ಷ ಕಾದಿರಬೇಕೆಂದು ನಿಯಮ. ಕರ್ನಾಟಕದ ಯುವನಿಧಿಗೆ 2023ರ ಡಿಸೆಂಬರಿನಲ್ಲಿ ನೋಂದಣಿ ಆರಂಭವಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ತನಗೆ ಇನ್ನೂ ಕೆಲಸ ದೊರೆತಿಲ್ಲವೆಂದು ಫಲಾನುಭವಿಯು ಕಾಲಕಾಲಕ್ಕೆ ಸ್ವಯಂ ಘೋಷಣೆ ಮಾಡಬೇಕು. ಅವನ ಮಾತನ್ನೇ ನಂಬಿ, ಸುಳ್ಳಾಡಿದರೆ ಕ್ರಮ ಕೈಗೊಳ್ಳುವ ಈ ಪದ್ಧತಿಯು ಮಾನವಂತವಾದುದು. ಆದರೆ ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಮುಂಬಯಿಯ ಚಾಳಿನಲ್ಲಿ ಹುಟ್ಟಿ ಬೆಳೆದ ಕನ್ನಡಿಗನ ಮಗನಿಗೆ ಅಲ್ಲಿ ಸ್ಥಾನವಿಲ್ಲ.

ಹೋಟೆಲಿನ ಕೆಲಸಗಾರನ ಪಾಡು

ಈಗ ನಮ್ಮ ಮನೆಯ ಮಾತಿಗೆ ಬರೋಣ. ಹೋಟೆಲಿನ ಕೆಲಸಗಾರನು ಕೆಲಸವನ್ನು ಹೇಗೆ ಹುಡುಕುತ್ತಾನೆ? ವೃತ್ತಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಬರೆಯುವುದಿಲ್ಲ. ಊರಿನವನೊಬ್ಬನು ಮಾತುಂಗದಲ್ಲಿಯೋ ಠಾಣೆಯಲ್ಲಿಯೋ ಇದ್ದಾನೆಂದು ತಿಳಿದು ಅಲ್ಲಿಗೆ ಹೋಗುತ್ತಾನೆ. ಅವನ ಭಟ್ಟರಿಗೆ ಹೇಳಿಸುತ್ತಾನೆ. ಭಟ್ಟರು ಮೇನೇಜರಿಗೆ ಹೇಳುತ್ತಾರೆ. ಸಂಜೆಯ ಹೊತ್ತು ನಾಲ್ಕು ಹೋಟೆಲುಗಳ ಹಿಂಬಾಗಿಲಲ್ಲಿ ನಿಂತು ಬರುತ್ತಾನೆ. ಎಲ್ಲವೂ ಬಾಯಿಮಾತಿನ ವ್ಯವಹಾರ. ಇದಕ್ಕೆ ಚೀಟಿಯೆಲ್ಲಿ, ಮೊಹರೆಲ್ಲಿ? ನಾಳೆ ಯಾವುದೋ ಕಚೇರಿಯು ಈ ವಾರ ಎಷ್ಟು ಕಡೆ ಕೆಲಸ ಕೇಳಿದೆ, ಪುರಾವೆ ತೋರಿಸೆಂದರೆ, ಗಣಕಯಂತ್ರದ ಮುಂದೆ ಕುಳಿತು ಮನೆಯಿಂದಲೇ ಹತ್ತು ಅರ್ಜಿ ಕಳುಹಿಸಿದವನು ಉತ್ತೀರ್ಣನಾಗುತ್ತಾನೆ. ಕಾಲು ಸವೆಯುವಂತೆ ತಿರುಗಿದವನು ಅನುತ್ತೀರ್ಣನಾಗುತ್ತಾನೆ.

2020ರ ವಿಪತ್ತನ್ನು ನೆನೆಯಿರಿ. ಮಾರ್ಚ್ ತಿಂಗಳಿನಲ್ಲಿ ಮುಂಬಯಿಯ ಹೋಟೆಲುಗಳು ಬಾಗಿಲು ಹಾಕಿದವು. ಗಿರಾಕಿಗಳು ಒಳಗೆ ಕುಳಿತು ಉಣ್ಣಲು ಮಹಾರಾಷ್ಟ್ರದಲ್ಲಿ ಮತ್ತೆ ಅನುಮತಿ ದೊರೆತುದು ಅಕ್ಟೋಬರ್ 5ರಂದು, ಅದೂ ಅರ್ಧ ಸ್ಥಳಗಳಿಗೆ. ನಡುವಿನ ಆರು ತಿಂಗಳು ಕೆಲಸಗಾರನು ಎಲ್ಲಿ ಕೆಲಸ ಹುಡುಕಬೇಕಾಗಿದ್ದಿತು? ಹೋಟೆಲಿನ ಮೇಲಿನ ಅಟ್ಟದಲ್ಲಿಯೇ ಮಲಗುತ್ತಿದ್ದವನಿಗೆ ಕೆಲಸದ ಜೊತೆಗೆ ಸೂರೂ ಹೋಯಿತು. ಊರಿಗೆ ಹೊರಟರೆ, ಮೇ ತಿಂಗಳಿನ ಉತ್ತರಾರ್ಧದಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕದ ಬಾಗಿಲೂ ಕೆಲದಿನ ಮುಚ್ಚಿದ್ದಿತು. ಅಂತಹವನಿಗೆ ಇಂತಹ ಕಚೇರಿಗೆ ಬಂದು ವಾರಕ್ಕೊಮ್ಮೆ ರುಜು ಹಾಕೆಂಬ ನಿಯಮವಿದ್ದಿದ್ದರೆ ಗತಿಯೇನಾಗುತ್ತಿತ್ತು? ವಲಸೆ ಬಂದವನಿಗೆ ಎರಡು ವಿಳಾಸಗಳು. ಕೆಲಸವಿದ್ದಾಗ ಒಂದು, ಇಲ್ಲದಾಗ ಮತ್ತೊಂದು. ಒಂದೇ ವಿಳಾಸದಲ್ಲಿ ನೆಲೆಸಿದವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಷರತ್ತು ಇವನನ್ನು ಎರಡೂ ಕಡೆಯಿಂದ ಹೊರದೂಡುತ್ತದೆ.

ತಕ್ಕ ಕೆಲಸವೆಂಬ ಮಾತಿನಲ್ಲಿಯೂ ತೊಡಕಿದೆ. ಇಪ್ಪತ್ತು ವರ್ಷ ಅಡಿಗೆಯ ಮೇಲ್ವಿಚಾರಣೆ ನಡೆಸಿದವನಿಗೆ ಮೋರಿ ತೊಳೆಯುವ ಕೆಲಸ ತಕ್ಕುದೇ? ಸಂಸಾರವಂದಿಗನಾದ ಕಾರಕೂನನಿಗೆ ಅರ್ಧ ಸಂಬಳದ ಕೆಲಸ ತಕ್ಕುದೇ? ಯಾವ ಕೆಲಸವೂ ಹೀನವಲ್ಲವೆಂಬುದು ಸರಿ. ಹಸಿದವನು ಯಾವುದನ್ನಾದರೂ ಮಾಡಿಯಾನು. ಆದರೆ ಹಸಿವನ್ನು ತೋರಿಸಿ ಕಸುಬುದಾರನನ್ನು ಅಗ್ಗಕ್ಕೆ ಮಾರುವುದು ಸರಕಾರದ ಕೆಲಸವಾಗಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1952ರ ಸಾಮಾಜಿಕ ಭದ್ರತೆಯ ಒಡಂಬಡಿಕೆಯೂ, ಕೆಲಸಕ್ಕೆ ಶಕ್ತನಾಗಿದ್ದು ಸಿದ್ಧನಾಗಿದ್ದೂ ತಕ್ಕ ಉದ್ಯೋಗವನ್ನು ಪಡೆಯಲಾರದವನ ಗಳಿಕೆ ನಿಂತುಹೋಗುವುದನ್ನೇ ನೆರವಿಗೆ ಅರ್ಹವಾದ ಸ್ಥಿತಿಯೆಂದು ಎಣಿಸಿದೆ. ಸಿಕ್ಕಿದ ಉದ್ಯೋಗವೆಂದು ಅದು ಹೇಳಲಿಲ್ಲ, ತಕ್ಕ ಉದ್ಯೋಗವೆಂದು ಹೇಳಿತು. ಬರಿಯ ಕೆಲವು ಅಕ್ಷರಗಳ ವ್ಯತ್ಯಾಸ, ಆದರೆ ಒಂದು ಜೀವಮಾನದ ಕಸುಬು ಅದರಲ್ಲಿ ಅಡಗಿದೆ.

ಆಗಬೇಕಾದುದೇನು?

ಆದುದರಿಂದ, ಮುಂದೆ ನಮ್ಮಲ್ಲಿ ಯಾವ ಭತ್ಯ ಬಂದರೂ ನಾಲ್ಕು ಸಂಗತಿಗಳನ್ನು ಒತ್ತಾಯಿಸಿ ಕೇಳಬೇಕೆಂದು ನನ್ನ ಅಭಿಪ್ರಾಯ. ಕೆಲಸಗಾರನು ಹೆಸರು ಬರೆಸಲಿ, ಕರೆದಾಗ ಬರಲಿ, ಆದರೆ ಹುಡುಕಾಟದ ದಿನಚರಿಯನ್ನು ಅವನಿಂದ ಕೇಳಬಾರದು. ತಕ್ಕ ಕೆಲಸವನ್ನು ತೋರಿಸುವ ಹೊಣೆ ಕಚೇರಿಯದಾಗಿರಲಿ, ತೋರಿಸಿದ ಮೇಲೂ ಕಾರಣವಿಲ್ಲದೆ ಒಲ್ಲೆನೆಂದರೆ ಭತ್ಯ ನಿಲ್ಲಲಿ. ತಕ್ಕ ಕೆಲಸವೆಂದರೆ ಯಾವುದೆಂಬುದನ್ನು, 1953ರಲ್ಲಿ ಮಾಡಿದಂತೆ, ದೂರ ಮತ್ತು ಸಂಬಳಗಳ ಅಳತೆಯಿಂದ ಕಾಯಿದೆಯಲ್ಲಿಯೇ ಬರೆಯಲಿ. ಕೊನೆಯದಾಗಿ, ಒಂದು ಊರಿನಲ್ಲಿ ಮಾಡಿಸಿದ ನೋಂದಣಿಯು ಮತ್ತೊಂದು ಊರಿನಲ್ಲಿಯೂ ನಡೆಯಲಿ, ಊರಿಗೆ ಹೋದವನು ಅಲ್ಲಿಂದಲೇ ಹಾಜರಿ ಕೊಡುವಂತಾಗಲಿ.

ಸರಕಾರಕ್ಕೆ ಹೇಳಿದ ಮೇಲೆ ನಮ್ಮವರಿಗೂ ಹೇಳಬೇಕಾದ ಎರಡು ಮಾತುಗಳಿವೆ. ಕನ್ನಡಿಗ ಹೋಟೆಲ್ ಮಾಲಿಕರಲ್ಲಿ ಬಹುಮಂದಿ ಒಂದು ಕಾಲಕ್ಕೆ ತಾವೇ ಮಾಣಿಗಳಾಗಿ ದುಡಿದು ಮೇಲೆ ಬಂದವರು. ಕೆಲಸಗಾರನಿಗೆ ಊಟ, ವಸತಿ, ಕಷ್ಟಕಾಲಕ್ಕೆ ಮುಂಗಡ ಕೊಡುವ ಔದಾರ್ಯ ಅವರಲ್ಲಿ ಇಲ್ಲದಿಲ್ಲ. ಆದರೆ ಔದಾರ್ಯವು ದಾಖಲೆಯಾಗುವುದಿಲ್ಲ. ಸಂಬಳಕ್ಕೆ ಚೀಟಿ, ಕೆಲಸಕ್ಕೆ ಸೇರಿಸಿದಾಗ ಪತ್ರ, ವಿಮಾ ನಿಗಮದ ಪಟ್ಟಿಯಲ್ಲಿ ಹೆಸರು ಇವಿಲ್ಲದವನಿಗೆ ಯಾವ ಭತ್ಯವೂ ಸಿಗಲಾರದು. 2019ರ ಜುಲೈಯಲ್ಲಿ ಇಳಿಸಿದ ದರದಂತೆ ಮಾಲಿಕನ ವಂತಿಗೆ ಸಂಬಳದ ನೂರಕ್ಕೆ ಮೂರೂಕಾಲು, ಕೆಲಸಗಾರನದು ನೂರಕ್ಕೆ ಮುಕ್ಕಾಲು. ಇಷ್ಟನ್ನು ಉಳಿಸಲು ಹೆಸರನ್ನು ಬಚ್ಚಿಡುವುದು, ಅವನ ಕಾಯಿಲೆಯ ದಿನದ ಗಂಜಿಯನ್ನೂ ಕೆಲಸ ಹೋದ ದಿನದ ಗಂಜಿಯನ್ನೂ ಒಟ್ಟಿಗೆ ಕಸಿದಂತೆ.

ಕೆಲಸಗಾರ ಬಂಧುಗಳೂ ಎಚ್ಚರವಾಗಿರಬೇಕು. ನಿಮ್ಮ ವಿಮಾ ಸಂಖ್ಯೆ ಯಾವುದು, ನಿಮ್ಮ ಹೆಸರಿನಲ್ಲಿ ಹಣ ಕಟ್ಟಲಾಗುತ್ತಿದೆಯೇ, ಆಧಾರ್ ಮತ್ತು ಬ್ಯಾಂಕಿನ ಖಾತೆಗಳಲ್ಲಿ ಹೆಸರು ಒಂದೇ ರೀತಿಯಾಗಿ ಬರೆದಿದೆಯೇ ಎಂಬುದನ್ನು ಕೆಲಸವಿರುವಾಗಲೇ ನೋಡಿಕೊಳ್ಳಿರಿ. ಕೆಲಸ ಹೋದ ಮೇಲೆ ಹುಡುಕಹೊರಟರೆ ಕಾಗದವೂ ಸಿಗದು, ಕೊಡುವವನೂ ಸಿಗನು. ಊರೂರಿನ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ನಾಟಕ, ಹಬ್ಬಗಳನ್ನು ನಡೆಸುವಂತೆಯೇ, ತಿಂಗಳಿಗೆ ಒಂದು ಸಂಜೆ ಈ ಕಾಗದಪತ್ರಗಳ ಕೆಲಸಕ್ಕೆ ಮೀಸಲಿಡಲಿ. ಇಂಗ್ಲಿಷು ಮರಾಠಿ ಬಲ್ಲ ನಾಲ್ವರು ಕಾರಕೂನರು ಕುಳಿತು ಅರ್ಜಿ ತುಂಬಿಕೊಟ್ಟರೆ, ರಾತ್ರಿಶಾಲೆಗಳನ್ನು ಕಟ್ಟಿ ನಡೆಸಿದ ನಮ್ಮ ಹಿರಿಯರ ಪರಂಪರೆಗೆ ಅದು ತಕ್ಕುದಾಗುತ್ತದೆ.

ಕೆಲಸವಿಲ್ಲದವನು ದಿನಕ್ಕೆ ಹತ್ತು ಬಾಗಿಲುಗಳಲ್ಲಿ ಇಲ್ಲವೆನ್ನಿಸಿಕೊಂಡು ಬರುತ್ತಾನೆ. ಹನ್ನೊಂದನೆಯ ಬಾಗಿಲು ಸರಕಾರದ್ದು. ಅಲ್ಲಿಯೂ ಅವನನ್ನು ನಿಲ್ಲಿಸಿ, ಹತ್ತು ಕಡೆ ಇಲ್ಲವೆನ್ನಿಸಿಕೊಂಡುದಕ್ಕೆ ರಶೀದಿಯೆಲ್ಲಿ ಎಂದು ಕೇಳುವ ದಿನ ನಮ್ಮ ದೇಶದಲ್ಲಿ ಬಾರದಿರಲಿ.